ಮೂಗಿನ ತುರಿಕೆ

ಊರ ಹೆಸರೇ ಅಫೀಮು: ಅಫ್ಯೋನ್.
ಆಸ್ಪತ್ರೆಯ ಮೂರನೇ ಮಹಡಿಯಲ್ಲಿ
ಮಂಡಿ ಬದಲಿಸಿಕೊಂಡ ನಾಜ್ಮಿಯೆ ಅಜ್ಜಿ.
ಗಂಟೆಗೊಮ್ಮೆ ಬಂದು ಅವಳ ಉಸಿರೆಣಿಸುತ್ತೇನೆ.
ಹದಿನಾಲ್ಕು. ಹದಿಮೂರು.
ಹತ್ತಕ್ಕಿಳಿದರೆ ಡಾಕ್ಟರಿಗೆ ಫೋನು.

ಬೆನ್ನೆಲುಬಿನ ಸಂದಿಯೊಳಗೆ
ಮರಗಟ್ಟಿಸುವ ಮದ್ದಿನ ಜೊತೆ
ಬೆರ್ರಿನ್ ಡಾಕ್ಟರು ಬಿಟ್ಟದ್ದು
ಇರುವೆಯ ಕಣ್ಣೀರಿನಷ್ಟು ಮಾರ್ಫಿನ್.
ಕಾಲಿನ ಜೋಮು ಇಳಿದು ಆರು ತಾಸಾಯಿತು,
ನೋವು ಇನ್ನೂ ದಾರಿಯಲ್ಲೇ ಎಲ್ಲೋ ಕೂತಿದೆ.

"ನೋಯುತ್ತಿದೆಯಾ?"
"ಇಲ್ಲ ಮಗಳೇ. ಮೂಗು ತುರಿಸುತ್ತಿದೆ."
ಮದ್ದಿನ ಗುಣ ಅದು, ಅಂದೆ.
ಬೊಚ್ಚುಬಾಯಲ್ಲಿ ನಕ್ಕಳು.

"ಏಳು ವರ್ಷದವಳು. ಕತ್ತಲಿರುವಾಗಲೇ ಗಸಗಸೆ ಹೊಲಕ್ಕೆ.
ಸಂಜೆ ಅಮ್ಮ ಗೀರಿದ ಕಾಯಲ್ಲಿ ಒಸರಿದ ಹಾಲು
ಬೆಳಗಿಗೆ ಕಂದು. ಕೆರೆದು ಎಲೆಗೆ ಒರೆಸಬೇಕು.
ಬೆರಳು ನೆಕ್ಕೀಯೆ, ಅನ್ನುತ್ತಿದ್ದಳು.
ನೆಕ್ಕಿದೆ. ಕಹಿ.
ಅವತ್ತೂ ಹೀಗೇ, ಮೂಗು."

ಆ ಅಮ್ಮ ಹೊಟ್ಟೆಯ ಗಡ್ಡೆಗೆ
ಮೂರು ವಾರ ನರಳಿ ಸತ್ತಳಂತೆ.
ಆ ವರ್ಷದ ಗೋಂದೆಲ್ಲ
ಸರ್ಕಾರದ ತಕ್ಕಡಿಗೆ ಹೋಗಿತ್ತು.

ಏನನ್ನಲಿ? ಎಣಿಸಿದೆ. ಹನ್ನೆರಡು.
ಒದ್ದೆ ಬಟ್ಟೆಯಲ್ಲಿ ಮೂಗೊರೆಸಿದೆ.
"ಇನ್ನೊಂಚೂರು ಮೇಲೆ," ಅಂದಳು.