ಮೂರನೆಯ ಕಾಲಂ

ಖಶೂರಿ ಯಾರ್ಡಿನಲ್ಲಿ ಬೆಳಗಿನ ನಾಲ್ಕು ಗಂಟೆ.
ವಾಝಾನ ಉದ್ದ ಹಿಡಿಯ ಸುತ್ತಿಗೆ
ಗಾಲಿಯಿಂದ ಗಾಲಿಗೆ ನಡೆಯುತ್ತದೆ.
ಠಣ್. ಠಣ್. ಠಣ್.
ಹಿಂದೆ ಮೈಕು ಹಿಡಿದ ನಾತಿಯಾ,
ಮಗಳ ವಯಸ್ಸು, ಕಾಲಿಗೆ ತೆಳು ಬೂಟು.

ಸಾವಿರ ಗಾಲಿ ಬಡಿಯಬೇಕು, ಸಾವಿರ ಸಲ ಹೇಳಬೇಕು:
ಸರಿ. ಸರಿಯಿಲ್ಲ.
ಯಂತ್ರ ಕೇಳಿ ಕಲಿಯುತ್ತದಂತೆ.
ಕಲಿತ ಮೇಲೆ ನೀನು ಮನೆಗೆ ಅಂತ
ಯಾರೂ ಬಾಯಿಬಿಟ್ಟು ಹೇಳಿಲ್ಲ;
ಓವರ್‌ಟೈಮ್ ಮಾತ್ರ ಚೆನ್ನಾಗಿ ಕೊಡುತ್ತಾರೆ.

ನಾನೂರ ಹನ್ನೆರಡನೆಯದು
ಠಣ್ ಅಂದು, ಕೊನೆಗೆ ಕೊಂಚ ಮೂಗಿನಲ್ಲಿ ಎಳೆಯಿತು.
ವಾಝಾ ಮತ್ತೆ ಬಡಿದ. ಅಂಗೈ ಇಟ್ಟ,
ಜ್ವರ ನೋಡುವವನ ಹಾಗೆ.
"ಸರಿಯೋ, ಇಲ್ಲವೋ?"
"ಒಡೆದಿಲ್ಲ, ದಣಿದಿದೆ. ಬತೂಮಿ ಮುಟ್ಟುತ್ತೆ.
ವಾಪಸು ಬಂದಾಗ ಇನ್ನೊಮ್ಮೆ ಕೇಳಬೇಕು."
"ಅದಕ್ಕೆ ಕಾಲಂ ಇಲ್ಲ."
"ಹಾಕಿಕೋ."

ಚಳಿಗೆ ಸೆಟೆದ ಬೆರಳಲ್ಲಿ ಆಕೆ
ಹಾಳೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದಳು, ಸೊಟ್ಟಗೆ.
ತಲೆಬರಹ ಏನು ಬರೆಯಲಿ, ಎಂದಳು.

ಅವನಾಗಲೇ ಮುಂದಿನ ಗಾಲಿಯ ಬಳಿ
ಕಿವಿ ಬಾಗಿಸಿದ್ದ.
ಸ್ವಲ್ಪ ಸುಮ್ಮನಿರು, ಅಂದ,
ಇದು ಮೆಲ್ಲಗೆ ಮಾತಾಡುವಂಥದ್ದು.