ಲೀವ್

ಮಿಡಲ್ಸ್‌ಬರೋ, ಗ್ರಂಥಾಲಯದ ಮಹಡಿ, ಗುರುವಾರ ಆರೂವರೆ.
ಕೋಟಿನ ಗುಂಡಿ ಬಿಚ್ಚುವ ಮೊದಲೇ ಬ್ರೆಂಡಾ ಸ್ಟೋನ್‌ಹೌಸ್
ಬೋರ್ಡಿನ ಮೇಲೆ ಬರೆದಳು: ಲೀವ್.
ಮಾರ್ಕರಿನ ಶಾಯಿ ಆರುತ್ತ ಬಂದಿತ್ತು. ಕಡೆಯ ಅಕ್ಷರ
ಇದ್ದೂ ಇಲ್ಲದ ಹಾಗೆ ಮೂಡಿತು.
'ಪರವಾಗಿಲ್ಲ, ಅದನ್ನು ಯಾರೂ ಉಚ್ಚರಿಸುವುದಿಲ್ಲ,' ಅಂದಳು.

'ಹೋಗುವುದು.' ರೇಬ್ವಾರ್, ಎಲ್ಲರಿಗಿಂತ ಮೊದಲು.
ಆರು ಗಡಿ ದಾಟಿದವನಿಗೆ ಆ ಪದ ಬಾಯಿಪಾಠ.
ಸರಿ. ರೈಲು ಏಳೂ ಹತ್ತಕ್ಕೆ ಸ್ಟೇಷನ್ ಬಿಡುತ್ತದೆ.
ಆದರೆ ರೈಲಿನಲ್ಲಿ ನೀನು ಕೊಡೆ ಬಿಟ್ಟರೆ
ಇಳಿದು ನಿಂತವನು ನೀನು, ಹೊರಟುಹೋದದ್ದು ಕೊಡೆ;
ಬಿಟ್ಟವರು ಯಾರು?
ರೇಡಿಯೇಟರ್ ಮಾತ್ರ ಟಕಟಕ ಅಂದಿತು.

ಹತ್ತರಲ್ಲಿ ಏಳು ಕಳೆದಾಗ ಮೂರನ್ನು ಉಳಿಸಿಕೊಡುವುದೂ ಇದೇ ಪದ.
ಚಹಾದ ಲೋಟ ಮೇಜಿನ ಮೇಲೆ ಉಂಗುರ ಬಿಡುತ್ತದೆ.
ಹಾಲಿನವನಿಗೆ ನೀವು ಚೀಟಿ ಬಿಡುತ್ತೀರಿ, ಅವನು ಬಾಟಲಿ ಬಿಡುತ್ತಾನೆ,
ಮುಖ ನೋಡದೆಯೇ ಇಪ್ಪತ್ತು ವರ್ಷದ ಸ್ನೇಹ.
ಕಚ್ಚಾಡುವ ಮಕ್ಕಳಿಗೆ: ಬಿಡೋ ಅವನನ್ನು.
ಅಡುಗೆ ಪುಸ್ತಕದಲ್ಲಿ: ನಾದಿದ ಹಿಟ್ಟನ್ನು ಒಂದು ತಾಸು ಬಿಡಿ,
ಅದರ ಪಾಡಿಗೆ ಅದು ಉಬ್ಬಲಿ.

'ನಮ್ಮ ಕೆನ್ ಸಾಯುವಾಗ ನನಗೆ ಬಿಟ್ಟದ್ದು
ಮೂವತ್ತೆರಡು ಪಾರಿವಾಳ, ಒಂದು ಸಾಲ.
ಶನಿವಾರ ಅವನ್ನು ಬುಟ್ಟಿಯಲ್ಲಿ ಯಾರ್ಕ್‌ವರೆಗೆ ಒಯ್ದು ಬಿಡುತ್ತೇನೆ,
ನನ್ನ ಕಾರಿಗಿಂತ ಮುಂಚೆ ಮನೆ ಸೇರಿರುತ್ತವೆ.
ಆದರೆ ಅದು ಬೇರೆ ಕ್ರಿಯಾಪದ. ಮುಂದಿನ ವಾರ.'

ಬೇರೆಯೇ?
ನಾನು ಇದನ್ನು ಬರೆಯುತ್ತಿರುವ ಭಾಷೆಯಲ್ಲಿ ಬೇರೆಯಲ್ಲ.
ಇಲ್ಲಿ ಪಾರಿವಾಳವನ್ನೂ ಬಿಡುತ್ತೇವೆ, ಹಟವನ್ನೂ, ಗಡ್ಡವನ್ನೂ;
ಮಳೆ ಬಿಡುತ್ತದೆ, ಬಿಟ್ಟ ಮೇಲೆ ಬಳ್ಳಿ ಹೂ ಬಿಡುತ್ತದೆ.
ಇಂಗ್ಲಿಷಿನದು ಎಲೆಯವರೆಗೆ ಬಂದು ನಿಂತಿದೆ,
ಅದೂ ಸದ್ದಿನ ಆಕಸ್ಮಿಕ. ಹೂವಿನ ತನಕ ಹೋಗಿಲ್ಲ.

ಹಿಂದಿನ ಸಾಲಿನಲ್ಲಿ ಲೆತೆಬ್ರಹಾನ್. ಪಕ್ಕದಲ್ಲಿ ಪೆಟ್ಟಿಗೆ,
ಮುರಿದ ಚಕ್ರಕ್ಕೆ ನೀಲಿ ಟೇಪು.
ಮಂಗಳವಾರ ಬಂದ ಸರ್ಕಾರಿ ಕಾಗದದ ಮೊದಲ ಸಾಲಿನಲ್ಲೇ
ಈ ಪದವಿತ್ತು. ಅವಳಿಗೆ ಗೊತ್ತಿದ್ದದ್ದು ಒಂದೇ ಅರ್ಥ.
ಮುಂದೆ ಓದಲಿಲ್ಲ.
ಫ್ರಿಜ್ಜಿನ ಪ್ಲಗ್ ಕಿತ್ತಳು, ಬಾಗಿಲು ತೆರೆದಿಟ್ಟಳು,
ಅಸ್ಮಾರಾದಿಂದ ಶಾಲಿನಲ್ಲಿ ಸುತ್ತಿ ತಂದಿದ್ದ ಕಾಫಿಯ ಮಣ್ಣಿನ ಹೂಜಿಯನ್ನು
ಕೆಳಮನೆಯ ಮುದುಕಿಗೆ ಕೊಟ್ಟಳು.
ಎರಡು ರಾತ್ರಿ ಬೂಟು ಹಾಕಿಕೊಂಡೇ ಮಲಗಿದಳು.
ಇವತ್ತು ಬಂದದ್ದು ಹೇಳಿಹೋಗಲು, ಪಾಠಕ್ಕಲ್ಲ.

ಬ್ರೆಂಡಾ ಕಾಗದವನ್ನು ದೀಪದ ಕೆಳಗೆ ಹಿಡಿದಳು. ಮತ್ತೊಮ್ಮೆ ಹಿಡಿದಳು.
'ಇದು ಆ ಲೀವ್ ಅಲ್ಲ ಕಣೇ.
ಇದು ನಾಮಪದ. ಅಪ್ಪಣೆ ಅಂತ.
ಸಿಪಾಯಿಗೆ, ಗುಮಾಸ್ತನಿಗೆ ರಜೆ ಸಿಗುತ್ತಲ್ಲ, ಅದರ ಕಡೆಯದು.
ಬೇರು ಬೇರೆ, ವೇಷ ಒಂದೇ.
ಐದು ವರ್ಷ ಇಲ್ಲಿ ಇರಲು ಅಪ್ಪಣೆ. ಇ-ರ-ಲು.'
ರೇಬ್ವಾರ್ ತನ್ನ ಭಾಷೆಯಲ್ಲಿ ಏನೋ ಅಂದ, ಹಲ್ಲು ಕಚ್ಚಿ;
ಅರ್ಥ ಯಾರೂ ಕೇಳಲಿಲ್ಲ.

ಲೆತೆಬ್ರಹಾನ್ ಅಳಲಿಲ್ಲ. ನಗಲೂ ಇಲ್ಲ.
ಕೊಟ್ಟ ಹೂಜಿಯನ್ನು ವಾಪಸು ಕೇಳುವುದಕ್ಕೆ
ಯಾವ ಕ್ರಿಯಾಪದ, ಅಂದಳು.
'ಗೆಟ್,' ಬ್ರೆಂಡಾ ಉಸಿರು ಬಿಟ್ಟಳು,
'ಅದಕ್ಕೆ ಒಂದು ಇಡೀ ಟರ್ಮ್ ಬೇಕು.'

ಏಳೂಕಾಲು. ಮೂಲೆಯಂಗಡಿ ಎಂಟಕ್ಕೆ ಮುಚ್ಚುತ್ತದೆ,
ಮನೆಯಲ್ಲಿ ಹನಿ ಹಾಲಿಲ್ಲ, ಉಪ್ಪೂ ಇಲ್ಲ.
ಎದ್ದು ನಿಂತಳು. ಒದ್ದೆ ನೆಲದ ಮೇಲೆ ಹೆಜ್ಜೆ ಇಡುವಂತೆ
ಒಂದೊಂದೇ ಪದ ಊರಿ ಕೇಳಿದಳು:
ಬೇಗ ಲೀವ್ ಮಾಡಲು
ನನಗೆ ಲೀವ್ ಇದೆಯೇ?

'ಹೋಗು, ಹೋಗು. ಪೆಟ್ಟಿಗೆ ಇಲ್ಲೇ ಬಿಡು,
ಮೊದಲೇ ಮಳೆ, ಮೇಲೆ ಆ ಚಕ್ರ. ನಾಳೆ ಕಾರಿನಲ್ಲಿ ತರುತ್ತೇನೆ.
ಪಾರಿವಾಳದ ವಾಸನೆ ಹಿಡಿದಿದ್ದರೆ ಬೈಯಬೇಡ.'