ಬೆನ್ನಿನ ಕಾಗದ

ಅತ್ತೆ ಆರ್ಫಾಳ ಮಂಚದಡಿ ಸಿಕ್ಕಿದ್ದು
ಬೂಟಿನ ರಟ್ಟಿನ ಡಬ್ಬ. ಒಳಗೆ
ನಲವತ್ತಮೂರು ಚೌಕ, ಕೌದಿಯಾಗದೆ ಉಳಿದವು.

ಚಿಂದಿ ಎಂದರೆ ಚಿಂದಿಯೇ:
ಬೆರಳಗಲ, ಕೆಲವು ಅದಕ್ಕೂ ಕಿರಿದು.
ಹಿಟ್ಟಿನ ಚೀಲದ ಹೂವು, ಗಣಿಗೆ ಹೋದ ಅಂಗಿಯ ತೋಳು,
ಹಾಸಿಗೆಯ ಪಟ್ಟೆ, ಯಾರದೋ ಟೈಯ ಬಾಲ,
ಮೂಲೆಯಿಂದ ಮೂಲೆಗೆ ಓರೆಯಾಗಿ.

ನನಗೆ ಕಲಿಸಿದ್ದೂ ಅವಳೇ, ಏಳನೇ ವಯಸ್ಸಿಗೆ.
"ಕಾಗದವನ್ನು ಚೌಕ ಕತ್ತರಿಸು. ನಡುವೆ ಒಂದು ಪಟ್ಟಿ ಇಡು.
ಇನ್ನೊಂದನ್ನು ಅದರ ಮೇಲೆ ಮುಖ ಕೆಳಗಾಗಿ ಮಲಗಿಸು.
ಅಂಚಿಗೆ ಹೊಲಿ. ಮಗುಚು. ಉಗುರಲ್ಲಿ ಗೀರು.
ಮತ್ತೊಂದು. ಬಣ್ಣ ಹೊಂದಿಸುತ್ತ ಕೂತರೆ
ಚಳಿಗಾಲ ನಿನಗೆ ಕಾಯುವುದಿಲ್ಲ."
ಹೊಲಿಗೆ ಸಾಸಿವೆ ಸಾಸಿವೆಯಷ್ಟು ಇರಬೇಕು,
ಕೊನೆಗೆ ಕಾಗದ ಸಲೀಸಾಗಿ ಹರಿಯಲು.
ಕಾಗದ ಹೊಲಿದ ಸೂಜಿ ಮೊಂಡು,
ಅದನ್ನು ಬಟ್ಟೆಗೆ ಮುಟ್ಟಿಸಬಾರದು.

ನಾನು ಹೊಲಿದದ್ದೆಲ್ಲ ಹಳೇ ಪತ್ರಿಕೆಯ ಮೇಲೆ.
ಇವುಗಳ ಬೆನ್ನು ಬೇರೆ. ದಪ್ಪ ಕಾಗದ, ಕೆಂಪು ಗೆರೆ,
ನೀಲಿ ಶಾಯಿಯ ಬಾಗಿದ ಅಕ್ಷರ:
ಸ್ಟಿಡಮ್, ಹಾರ್ಲಿ. ಜೋಳದ ಹಿಟ್ಟು, ಇಪ್ಪತ್ತು ಪೌಂಡು.
ಫ್ಯೂಗೇಟ್, ಎನಸ್. ಸಿಡಿಮದ್ದು. ದೀಪದೆಣ್ಣೆ. ಗುದ್ದಲಿಯ ಹಿಡಿ.
ಕೂಂಬ್ಸ್, ವಿಧವೆ. ಹಲಗೆ ಆರು, ಮೊಳೆ ಅರ್ಧ ಪೌಂಡು.
ಆರು ಹಲಗೆ ಯಾತಕ್ಕೆಂದು
ಬರೆದವನು ಬರೆದಿಲ್ಲ.

ಮುಷ್ಕರದ ಚಳಿಗಾಲ, ಕಂಪನಿ ಅಂಗಡಿಯ ಸಾಲದ ಪುಸ್ತಕ
ಬೀಗ ಹಾಕಿದ ಕಪಾಟಿನಿಂದ ಮಾಯವಾಗಿತ್ತಂತೆ.
ಕಾವಲಿನವರು ಈ ಕಣಿವೆಯ ಮನೆಮನೆ ಹೊಕ್ಕು
ಹಾಸಿಗೆ ಸೀಳಿದರು, ಹಿಟ್ಟಿನ ಡಬ್ಬ ಮಗುಚಿದರು,
ನೆಲದ ಹಲಗೆ ಕಿತ್ತರು.
ಒಲೆಯ ಪಕ್ಕ ಹೊಲಿಗೆ ಯಂತ್ರ ತುಳಿಯುತ್ತಿದ್ದ
ಹತ್ತೊಂಬತ್ತರ ಹುಡುಗಿಗೆ ಅಂದರಂತೆ, "ಕಾಲೆತ್ತು."
ಎತ್ತಿದಳು.

ಅತ್ತೆ ನಮಗೆ ಹೇಳಿ ನಗುತ್ತಿದ್ದುದು ಅಷ್ಟೇ,
ಕಾಲೆತ್ತಿದ ಕತೆ.
ಸೂಜಿಯ ಕೆಳಗೆ ಏನಿತ್ತೆಂದು ಹೇಳಲೇ ಇಲ್ಲ.

ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಓವಾಳ ಕಿವಿಗೆ ಹಾಕಿದೆ.
ಶನಿವಾರ ಬಂದಳು. ಅಜ್ಜ ಎನಸನ ಚೌಕ ಹುಡುಕಿ,
ಕನ್ನಡಕ ಒರೆಸಿ, ಎರಡು ಸಲ ಓದಿ,
"ಇದನ್ನ ನಾನೇ ಹರೀತೀನಿ" ಅಂದಳು.
ಹೊಲಿಗೆಗುಂಟ ಕಾಗದ ಬಿಟ್ಟುಕೊಂಡಿತು
ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ.

ಭಾನುವಾರ ಮೂವರು. ಆಮೇಲೆ ಎಣಿಸಲಿಲ್ಲ.
ಹಾರ್ಲಿಯ ಮೊಮ್ಮಗ, ಪೆಟ್ರೋಲ್ ಬಂಕಿನವನು,
ಕೈ ಎರಡು ಸಲ ತೊಳೆದು ಬಂದು ಕೂತ.
"ಹರೀತಲ್ಲ" ಅಂದ ಕೊನೆಗೆ,
ಕಾಗದವನ್ನೋ, ಇನ್ನೊಂದನ್ನೋ.
ಕೂಂಬ್ಸ್ ಮನೆಯ ಮುದುಕಿ
ಆರು ಹಲಗೆಯ ಸಾಲನ್ನು ಹರಿದು
ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು.
ಯಾರೂ ನಗಲಿಲ್ಲ. ಯಾರೋ ನೀರು ಕೊಟ್ಟರು.

ನೆಲದ ತುಂಬ ಅಂಕಿಗಳು. ಗುಡಿಸಿ ಒಲೆಗೆ ಹಾಕಿದೆ.
ಬೆನ್ನು ಹಗುರಾದ ಚೌಕಗಳು
ಮೇಜಿನ ಮೇಲೆ ಮೆತ್ತಗೆ ಒಂದಕ್ಕೊಂದು ಒರಗಿದವು.

ಉಳಿದದ್ದು ಒಂದು. ಡ್ಯೂಯಿ ರಾಸ್ನಿಕ್,
ಅಂಗಡಿಯ ಗುಮಾಸ್ತ. ಬೀಗದ ಕೈ ಇರುತ್ತಿದ್ದುದು ಅವನ ಸೊಂಟದಲ್ಲಿ.
ಅದೇ ಬಾಗಿದ ಅಕ್ಷರದಲ್ಲಿ ತನ್ನದೇ ಹೆಸರು,
ಕೆಳಗೆ ಒಂದೇ ಸಾಲು:
ಹಳದಿ ಹೂವಿನ ಬಟ್ಟೆ, ಗಜ ಒಂದು.
ಮಗುಚಿ ನೋಡಿದೆ.
ನಡುವಿನ ಪಟ್ಟಿ ಹಳದಿ, ಬಿಸಿಲು ಕಾಣದ ಹಳದಿ.
ಮಿಕ್ಕ ನಲವತ್ತೆರಡರಲ್ಲಿ ಅದರ ಒಂದೆಳೆಯೂ ಇಲ್ಲ.

ಆ ವಸಂತ ಅವನನ್ನು ಕೆಲಸದಿಂದ ತೆಗೆದರು,
ಒಹಾಯೊ ಕಡೆ ಹೋದ. ಅಷ್ಟು ಗೊತ್ತು.
ಅತ್ತೆ ಕೈಹಿಡಿದದ್ದು ಬೇರೆಯವನನ್ನು.
ಹಳದಿ ತೊಟ್ಟದ್ದನ್ನು ನಾನು ಕಂಡಿಲ್ಲ.

ಅವನ ಕಡೆಯವರು ಇಲ್ಲಿ ಯಾರೂ ಇಲ್ಲ.
ಹರಿಯುವುದೇನು, ಹರಿಯಬಹುದು. ಹಕ್ಕು ನನ್ನದಲ್ಲ.
"ಹಾಗೇ ಸೇರಿಸು" ಅಂದಳು ಓವಾ, "ಕಾಗದ ಸಮೇತ.
ಹೊದ್ದವರು ಮಗ್ಗುಲಾದಾಗ ಸರಪರ ಅಂದರೆ ಅನ್ನಲಿ."

ಕೌದಿಗೆ ನಲವತ್ತಮೂರು ಸಾಲದು.
ಇನ್ನುಳಿದ ಚೌಕಗಳಿಗೆ
ಆಸ್ಪತ್ರೆಯವರು ನನಗೆ ಕಳಿಸಿದ ಬಿಲ್ಲುಗಳಿವೆ.
ಒಳ್ಳೆಯ ಕಾಗದ. ಕತ್ತರಿಸುತ್ತಿದ್ದೇನೆ.